ವಿಶ್ವವಿದ್ಯಾನಿಲಯದ ಹೊಸ್ತಿಲಿನಲ್ಲಿ ಹಳ್ಳಿಯ ವಿದ್ಯಾರ್ಥಿ

ದ್ವಿತೀಯ ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ಮರುದಿನ, ಮೊದಲ ಸ್ಥಾನಗಳನ್ನು ಗಳಿಸಿದ ಬಾಲಕ ಬಾಲಿಕೆಯರ ಚಿತ್ರಗಳನ್ನು ನಾಡಿನ ಪತ್ರಿಕೆಗಳೆಲ್ಲವೂ ಮುದ್ರಿಸುವುದು ಪದ್ಧತಿಯಾಗಿದೆ. ಅದು ಉಚಿತವೇ ಸರಿ. ಆದರೆ ಆ ದಿನದ ಹಿಂದು ಮುಂದಿನ ಕೆಲವು ತಿಂಗಳುಗಳಲ್ಲಿ ನಡೆಯುವ ಮತ್ತೊಂದು ಪರೀಕ್ಷೆಯ ಫಲಿತಾಂಶವನ್ನು ಯಾರೂ ಪ್ರಕಟಿಸುವುದಿಲ್ಲ. ಅರ್ಜಿ, ಪ್ರಮಾಣಪತ್ರ, ದಾಖಲೆಗಳ ಪರಿಶೀಲನೆ, ಕಾಲೇಜುಗಳ ಆಯ್ಕೆ, ಶುಲ್ಕದ ಪಾವತಿ ಎಂಬ ಈ ಪರೀಕ್ಷೆಗೆ ಪಠ್ಯಪುಸ್ತಕವಿಲ್ಲ. ಇದನ್ನು ಕಲಿಸುವುದಕ್ಕೆಂದು ನೇಮಕವಾದ ಉಪಾಧ್ಯಾಯರಿಲ್ಲ. ಇದರಲ್ಲಿ ತಪ್ಪಿಹೋದವರಿಗೆ ತಾವು ತಪ್ಪಿದೆವೆಂಬುದೇ ಎಷ್ಟೋ ವೇಳೆ ತಿಳಿಯುವುದಿಲ್ಲ. ಅಂಕಗಳಿದ್ದೂ ಸ್ಥಾನ ದೊರೆಯದೆ ಹೋದ ಹಳ್ಳಿಯ ಹುಡುಗನು ತನ್ನ ಅದೃಷ್ಟವನ್ನು ಹಳಿದುಕೊಂಡು ಸುಮ್ಮನಾಗುತ್ತಾನೆ. ಅವನ ಅದೃಷ್ಟದಲ್ಲಿ ಯಾವ ಕೊರತೆಯೂ ಇಲ್ಲದೆ, ಹೇಳಿಕೊಡುವವರ ಕೊರತೆಯಿಂದಲೇ ಈ ಹಾನಿಯು ಸಂಭವಿಸುತ್ತಿದೆ ಎಂಬುದನ್ನು ಮಹಾಜನರ ಮತ್ತು ಅಧಿಕಾರಿವರ್ಗದ ಗಮನಕ್ಕೆ ತರುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿಗೆ ಸೇರಿದ ತ್ಯಾವಣಿಗೆಯನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ಭದ್ರಾ ನಾಲೆಯ ನೀರಿನಿಂದ ಭತ್ತವನ್ನೂ ಅಡಕೆಯನ್ನೂ ಬೆಳೆಯುವ ಸೀಮೆಯಿದು. ನಾಡಿನ ಮುಖ್ಯಮಂತ್ರಿಗಳಾಗಿದ್ದ ಜೆ. ಎಚ್. ಪಟೇಲರು ಇದೇ ತಾಲೂಕಿನ ಕಾರಿಗನೂರಿನವರು. ಅವರ ಆಡಳಿತದ ಕಾಲದಲ್ಲಿಯೇ, 1997ನೆಯ ಇಸವಿಯಲ್ಲಿ, ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯನ್ನೂ ಜಗಳೂರು ಚಿತ್ರದುರ್ಗವನ್ನೂ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಈ ಸೀಮೆಗೂ ವಿಶ್ವವಿದ್ಯಾನಿಲಯಕ್ಕೂ ಇರುವ ದೂರವು ಒಂದು ಶತಮಾನದಲ್ಲಿ ಎಷ್ಟು ಕಡಿಮೆಯಾಯಿತೆಂಬುದನ್ನು ನೋಡಿದರೆ ಸಂತೋಷವೇ ಆಗುತ್ತದೆ. 1916ಕ್ಕೆ ಮೊದಲು ಮೈಸೂರು ಸಂಸ್ಥಾನದ ಕಾಲೇಜುಗಳೆಲ್ಲವೂ ಮದರಾಸು ವಿಶ್ವವಿದ್ಯಾನಿಲಯಕ್ಕೆ ಅಧೀನವಾಗಿದ್ದವು. ಆ ವರ್ಷದ ಜುಲೈ ತಿಂಗಳಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಬಂದಿತು. 2009ರಲ್ಲಿ ದಾವಣಗೆರೆಯ ಬಳಿಯ ತೋಳಹುಣಸೆಯಲ್ಲಿಯೇ ದಾವಣಗೆರೆ ವಿಶ್ವವಿದ್ಯಾನಿಲಯವು ತಲೆಯೆತ್ತಿತು. ಮದರಾಸಿನಿಂದ ಮೈಸೂರಿಗೆ, ಮೈಸೂರಿನಿಂದ ಶಂಕರಘಟ್ಟಕ್ಕೆ, ಅಲ್ಲಿಂದ ತೋಳಹುಣಸೆಗೆ, ಹೀಗೆ ಸರಸ್ವತಿಯ ಮಂದಿರವು ರೈತನ ಹೊಲದ ಬದುವಿನವರೆಗೂ ನಡೆದು ಬಂದಿದೆಯೆನ್ನಬಹುದು.

ಆದರೆ ಮೈಲಿಗಳಲ್ಲಿ ಕಡಿಮೆಯಾದ ದೂರವು ಕಾಗದಪತ್ರಗಳಲ್ಲಿ ಹೆಚ್ಚಿರುವುದನ್ನು ನಾವು ಕಾಣುತ್ತಿದ್ದೇವೆ. ಹಿಂದಿನ ಕಾಲದಲ್ಲಿ ಹಳ್ಳಿಯ ವಿದ್ಯಾರ್ಥಿಗೆ ಹಣವಿರಲಿಲ್ಲ, ಊಟಕ್ಕೆ ನೆಲೆಯಿರಲಿಲ್ಲ. ವಾರಾನ್ನದ ಮನೆಗಳನ್ನೋ ಮಠಗಳ ಮತ್ತು ಸಮಾಜಗಳ ಉಚಿತ ವಿದ್ಯಾರ್ಥಿನಿಲಯಗಳನ್ನೋ ಆಶ್ರಯಿಸಬೇಕಾಗಿತ್ತು. ಆದರೆ ಕಾಲೇಜಿನ ಬಾಗಿಲು ಒಂದೇ ಆಗಿದ್ದು, ಅದನ್ನು ತೆರೆಯುವ ಬೀಗದ ಕೈಯೂ ಒಂದೇ ಆಗಿತ್ತು. ಊರಿನ ಮೇಷ್ಟರು ಒಂದು ಪತ್ರವನ್ನು ಬರೆದುಕೊಟ್ಟರೆ, ಹುಡುಗನು ಅದನ್ನು ಹಿಡಿದು ಹೋಗಿ ಪ್ರಾಂಶುಪಾಲರ ಎದುರಿಗೆ ನಿಲ್ಲಬಹುದಾಗಿತ್ತು. ಈಗಿನ ಸ್ಥಿತಿ ಹಾಗಿಲ್ಲ. ಎಂಜಿನಿಯರಿಂಗ್, ಕೃಷಿ ಮೊದಲಾದ ವೃತ್ತಿಶಿಕ್ಷಣಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆ. ವೈದ್ಯಕೀಯಕ್ಕೆ ಇಡೀ ದೇಶಕ್ಕೆ ಒಂದಾದ ನೀಟ್ ಪರೀಕ್ಷೆ. ಅದರಲ್ಲಿ ಅರ್ಹತೆ ಪಡೆದ ಮೇಲೆ ರಾಜ್ಯದ ಸೀಟುಗಳಿಗಾಗಿ ಪ್ರಾಧಿಕಾರದಲ್ಲಿಯೂ ಹೆಸರನ್ನು ನೋಂದಾಯಿಸಬೇಕು. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಂತಹ ಸಂಸ್ಥೆಗಳಿಗೆ ಜೆಇಇ. ಕಲಬುರಗಿಯ ಬಳಿಯ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೆ, 2022ರಿಂದ ಆರಂಭವಾದ ಸಿಯುಇಟಿ. ನಮ್ಮದೇ ರಾಜ್ಯದ ವಿಶ್ವವಿದ್ಯಾನಿಲಯಗಳ ಬಿ.ಎ., ಬಿ.ಕಾಂ., ಬಿ.ಎಸ್ಸಿ. ತರಗತಿಗಳಿಗೆ ಬೇರೊಂದು ಏಕೀಕೃತ ಜಾಲತಾಣ. ವಿದ್ಯಾರ್ಥಿವೇತನಕ್ಕೆ ಮತ್ತೊಂದು. ಇಷ್ಟು ಬಾಗಿಲುಗಳು, ಇಷ್ಟು ಬೀಗಗಳು. ಪ್ರತಿಯೊಂದಕ್ಕೂ ಬೇರೆ ಬೇರೆ ಕಡೆಯ ದಿನಾಂಕ. ಅರ್ಜಿಗಳ ಭಾಷೆಯಾದರೋ ಬಹುಮಟ್ಟಿಗೆ ಇಂಗ್ಲಿಷು.

ಇವುಗಳ ಪೈಕಿ ಒಂದೆರಡನ್ನು ವಿವರವಾಗಿ ನೋಡದೆ ವಿಷಯದ ಗಾಂಭೀರ್ಯವು ಮನವರಿಕೆಯಾಗದು. ವೃತ್ತಿಶಿಕ್ಷಣದ ಸೀಟುಗಳಲ್ಲಿ ನಮ್ಮ ಸರಕಾರವು ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15ರಂತೆಯೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5ರಂತೆಯೂ ಮೀಸಲಾತಿಯನ್ನು ಇಟ್ಟಿದೆ. ಇದು ಸ್ತುತ್ಯವಾದ ಏರ್ಪಾಡು. ಆದರೆ ಎರಡಕ್ಕೂ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷಗಳ ವ್ಯಾಸಂಗದ ಪ್ರಮಾಣಪತ್ರವು ಬೇಕು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ತ್ಯಾವಣಿಗೆಯ ಕಡೆಯ ಒಬ್ಬ ರೈತನು, ಮಗಳು ಚೆನ್ನಾಗಿ ಓದಲಿ ಎಂಬ ಸದುದ್ದೇಶದಿಂದ, ಏಳನೆಯ ತರಗತಿಯಾದೊಡನೆ ಅವಳನ್ನು ದಾವಣಗೆರೆಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸುತ್ತಾನೆಂದು ಭಾವಿಸೋಣ. ಆ ದಿನವೇ ಅವಳು ಗ್ರಾಮಾಂತರದ ಪಾಲನ್ನೂ ಕನ್ನಡ ಮಾಧ್ಯಮದ ಪಾಲನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾಳೆ. ಐದು ವರ್ಷಗಳ ತರುವಾಯ, ಅರ್ಜಿಯನ್ನು ತುಂಬುವ ಹೊತ್ತಿನಲ್ಲಿ, ಈ ಸಂಗತಿಯು ತಂದೆಗೆ ತಿಳಿಯುತ್ತದೆ. ಹಾಗೆ ಮಾಡಬಾರದಾಗಿತ್ತೆಂದು ನಾವು ಹೇಳುವುದಿಲ್ಲ. ಲಾಭ ನಷ್ಟಗಳನ್ನು ತೂಗಿ ನೋಡಿ ನಿರ್ಧರಿಸುವ ಹಕ್ಕು ಆತನದು. ಆದರೆ ತೂಗುವ ತಕ್ಕಡಿಯನ್ನೇ ಯಾರೂ ಆತನ ಕೈಗೆ ಕೊಡಲಿಲ್ಲ ಎಂಬುದೇ ನಮ್ಮ ಆಕ್ಷೇಪಣೆ. ಇದರಿಂದ ಸಿದ್ಧವಾಗುವ ಇನ್ನೊಂದು ಅಂಶವೆಂದರೆ, ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕುವವರಿಗೆ ಸಲಹೆ ಕೊಡುವ ಕಾರ್ಯವು ದ್ವಿತೀಯ ಪದವಿಪೂರ್ವ ತರಗತಿಯಲ್ಲಿ ಆರಂಭವಾದರೆ ಅದಾಗಲೇ ತಡವಾಗಿರುತ್ತದೆ. ಅದು ಪ್ರೌಢಶಾಲೆಯ ಬಾಗಿಲಿನಲ್ಲಿಯೇ ಆರಂಭವಾಗಬೇಕು.

ಎರಡನೆಯದಾಗಿ, ಕಾಲೇಜುಗಳ ಆಯ್ಕೆಯ ಪಟ್ಟಿ. ಎಂಜಿನಿಯರಿಂಗ್ ಸೀಟಿಗೆ ಪ್ರವೇಶ ಪರೀಕ್ಷೆಯ ಅಂಕಗಳನ್ನು ಅರ್ಧ, ಪದವಿಪೂರ್ವದ ವಿಷಯಾಂಕಗಳನ್ನು ಅರ್ಧ ಸೇರಿಸಿ ಕ್ರಮಾಂಕವನ್ನು ನಿರ್ಣಯಿಸುತ್ತಾರೆ. ಆ ಬಳಿಕ ವಿದ್ಯಾರ್ಥಿಯು ತನಗೆ ಬೇಕಾದ ಕಾಲೇಜುಗಳನ್ನೂ ಶಾಖೆಗಳನ್ನೂ ಒಂದರ ಕೆಳಗೊಂದರಂತೆ ಪಟ್ಟಿ ಮಾಡಿ ಕೊಡಬೇಕು. ಕ್ರಮಾಂಕದ ಸರದಿ ಬಂದಾಗ ಗಣಕಯಂತ್ರವು ಆ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಖಾಲಿಯಿರುವ ಮೊದಲನೆಯ ಸೀಟನ್ನು ಕೊಟ್ಟುಬಿಡುತ್ತದೆ. ಆದುದರಿಂದ ತನಗೆ ಅತ್ಯಂತ ಇಷ್ಟವಾದುದನ್ನು ಮೊದಲು ಬರೆದರೆ ಯಾವ ನಷ್ಟವೂ ಇಲ್ಲ; ಅದು ಸಿಕ್ಕದಿದ್ದರೆ ಕೆಳಗಿನದು ಇದ್ದೇ ಇರುತ್ತದೆ. ಆದರೆ ಹಳ್ಳಿಯ ವಿದ್ಯಾರ್ಥಿಗಳು, ದೊಡ್ಡದನ್ನು ಕೇಳಿದರೆ ಚಿಕ್ಕದೂ ಕೈತಪ್ಪೀತೆಂಬ ಅಂಜಿಕೆಯಿಂದ, ಸುಲಭವಾಗಿ ದೊರೆಯುವ ಕಾಲೇಜನ್ನು ಮೊದಲು ಬರೆದುಬಿಡುತ್ತಾರೆ. ಯಂತ್ರಕ್ಕೆ ಅವರ ಅಂಜಿಕೆಯು ತಿಳಿಯದು. ಮೊದಲು ಬರೆದುದನ್ನೇ ಅವರ ಪರಮಾಭಿಲಾಷೆಯೆಂದು ತಿಳಿದು ಕೊಟ್ಟುಬಿಡುತ್ತದೆ. ಹಂಚಿಕೆಯಾದ ಮೇಲೆಯೂ, ಒಪ್ಪಿ ಸೇರುವುದೆ, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯುವುದೆ, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದೆ, ಪೂರ್ತಿಯಾಗಿ ಹಿಂದೆ ಸರಿಯುವುದೆ ಎಂಬ ದಾರಿಗಳಲ್ಲಿ ಒಂದನ್ನು ಕೆಲವೇ ದಿನಗಳೊಳಗೆ ಆರಿಸಿಕೊಳ್ಳಬೇಕು. ದಾರಿಯನ್ನು ತಪ್ಪಾಗಿ ಒತ್ತಿದ ಒಂದು ಬೆರಳು ಹನ್ನೆರಡು ವರ್ಷಗಳ ಓದನ್ನು ನಿರರ್ಥಕವಾಗಿ ಮಾಡಬಲ್ಲದು. ಪಟ್ಟಣದ ವಕೀಲರ ಅಥವಾ ಎಂಜಿನಿಯರರ ಮಗನಿಗೆ ಈ ಸೂಕ್ಷ್ಮವನ್ನು ಮನೆಯಲ್ಲಿಯೇ ಹೇಳಿಕೊಡುವವರಿದ್ದಾರೆ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲನ್ನು ಹತ್ತುವವನಿಗೆ ಉಪಾಧ್ಯಾಯರಲ್ಲದೆ ಬೇರೆ ಗತಿಯಿಲ್ಲ.

ಮೂರನೆಯದು ಹಣದ ವಿಷಯ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಮಂಜೂರಾದ ಸಂಖ್ಯೆಯ ಮೇಲೆ ನೂರಕ್ಕೆ 5ರಷ್ಟು ಸೀಟುಗಳನ್ನು ಬೋಧನಾ ಶುಲ್ಕವಿಲ್ಲದೆ, ವಾರ್ಷಿಕ ವರಮಾನವು 8 ಲಕ್ಷ ರೂಪಾಯಿಗೆ ಮೀರದ ಕುಟುಂಬಗಳ ಮಕ್ಕಳಿಗೆ ಕೊಡುವ ಕ್ರಮವಿದೆ. ಪದವಿಪೂರ್ವ ಪರೀಕ್ಷೆಯಲ್ಲಿ ಮೇಲಿನ ಶ್ರೇಣಿಯಲ್ಲಿ ತೇರ್ಗಡೆಯಾಗಿ, ಮನೆಯ ವರಮಾನವು ನಾಲ್ಕೂವರೆ ಲಕ್ಷದೊಳಗಿರುವ ವಿದ್ಯಾರ್ಥಿಗಳಿಗೆ ಕೇಂದ್ರ ಸರಕಾರವು ಪದವಿಯ ವರ್ಷಗಳಲ್ಲಿ ವರ್ಷಕ್ಕೆ 12,000 ರೂಪಾಯಿಗಳ ವೇತನವನ್ನು ಕೊಡುತ್ತದೆ. ರಾಜ್ಯದ ವಿದ್ಯಾರ್ಥಿವೇತನಗಳೂ ಹಲವು ಇವೆ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಪಾಲೇ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ಭತ್ತದ ಗದ್ದೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇದಕ್ಕಿಂತ ಸಹಜವಾದ ಪರೀಕ್ಷೆಯು ಯಾವುದಿದ್ದೀತು? ಕೃಷಿ ಸಂಶೋಧನಾ ಕೇಂದ್ರವೊಂದು ಇದೇ ತಾಲೂಕಿನ ಕತ್ತಲಗೆರೆಯಲ್ಲಿಯೇ ಇದೆ. ಅದು ಶಿವಮೊಗ್ಗೆಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಇಷ್ಟಿದ್ದೂ, ಅರ್ಜಿಯನ್ನು ತುಂಬುವಾಗಲೇ ಈ ಪಾಲು ತನಗೆ ಬೇಕೆಂದು ಕೇಳದಿದ್ದರೆ ಆಮೇಲೆ ಕೇಳುವಂತಿಲ್ಲ. ವೇತನವು ಮಂಜೂರಾದರೂ, ಆಧಾರಿನ ಹೆಸರಿಗೂ ಎಸ್‌.ಎಸ್‌.ಎಲ್‌.ಸಿ. ಅಂಕಪಟ್ಟಿಯ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೆ, ಅಥವಾ ಬ್ಯಾಂಕಿನ ಖಾತೆಯು ಆಧಾರಿಗೆ ಜೋಡಣೆಯಾಗದಿದ್ದರೆ, ಹಣವು ಕೈಸೇರದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಸರಕಾರವು ಕೊಟ್ಟ ವರಗಳು ಒಂದೆರಡಲ್ಲ. ಆದರೆ ಅವು ಯಾರ ಕೈಗೆ ತಲಪುತ್ತವೆ? ಹಳ್ಳಿಯವರಿಗಾಗಿ ತೆಗೆದಿಟ್ಟ ಪಾಲಿನಲ್ಲಿಯೂ, ಹಳ್ಳಿಯವರೊಳಗೆ ಬಲ್ಲವರ ಸಂಪರ್ಕವುಳ್ಳವರೇ ಮುಂದಾಗಿ, ಯಾರನ್ನುದ್ದೇಶಿಸಿ ಆ ಪಾಲನ್ನು ಇಟ್ಟರೋ ಅವರೇ ಹಿಂದುಳಿಯುವ ಸಂಭವವುಂಟು.

ಹಾಗಾದರೆ ಈಗ ವಿದ್ಯಾರ್ಥಿಗೆ ದಾರಿ ತೋರಿಸುತ್ತಿರುವವರು ಯಾರು? ಮೊದಲನೆಯವರು ಗಣಕಯಂತ್ರದ ಅಂಗಡಿಯವರು. ಅವರನ್ನು ನಾವು ನಿಂದಿಸುವುದಿಲ್ಲ. ಅವರಿಲ್ಲದಿದ್ದರೆ ಎಷ್ಟೋ ಅರ್ಜಿಗಳು ಹೋಗುತ್ತಲೇ ಇರಲಿಲ್ಲ. ಆದರೆ ಸಾಲಿನಲ್ಲಿ ಇಪ್ಪತ್ತು ಜನರು ನಿಂತಿರುವಾಗ, ಯಾವ ಕಲಮನ್ನು ಬಿಟ್ಟರೆ ಯಾವ ಹಕ್ಕು ಹೋಗುತ್ತದೆಂದು ವಿಚಾರಿಸುವುದು ಅವರ ವ್ಯಾಪಾರಕ್ಕೆ ಸೇರಿದುದಲ್ಲ. ಎರಡನೆಯವರು ಬೆಂಗಳೂರಿನಲ್ಲಿರುವ ಬಂಧುಗಳು. ಅಂಥವರು ಎಲ್ಲರಿಗೂ ಇರುವುದಿಲ್ಲ. ಮೂರನೆಯವರು, ಹಣವನ್ನು ಪಡೆದು ಸಲಹೆಯನ್ನು ಮಾರುವ ಪಟ್ಟಣದ ಮಧ್ಯಸ್ಥರು. ಇವರಲ್ಲಿ ಕೆಲವರ ಸಲಹೆಯು ವಿದ್ಯಾರ್ಥಿಯ ಹಿತಕ್ಕಿಂತ ಹೆಚ್ಚಾಗಿ ಸೀಟುಗಳು ತುಂಬದೆ ಉಳಿದ ಕಾಲೇಜುಗಳ ಹಿತವನ್ನು ನೋಡುತ್ತದೆಯೆಂಬ ಅಪವಾದವಿದೆ. ನಾಲ್ಕನೆಯವರು ಉಪಾಧ್ಯಾಯರು. ಹಳ್ಳಿಯ ಪ್ರೌಢಶಾಲೆಯ ಮತ್ತು ಪದವಿಪೂರ್ವ ಕಾಲೇಜಿನ ಉಪಾಧ್ಯಾಯರಲ್ಲಿ ಅನೇಕರು ಯಾರ ಆಜ್ಞೆಯೂ ಇಲ್ಲದೆ, ಯಾವ ಪ್ರತಿಫಲವೂ ಇಲ್ಲದೆ, ತಮ್ಮ ಸ್ವಂತ ದೂರವಾಣಿಯಿಂದಲೇ ಶಿಷ್ಯರ ಅರ್ಜಿಗಳನ್ನು ತುಂಬಿಕೊಡುತ್ತಿರುವುದು ಎಲ್ಲರೂ ಬಲ್ಲ ಸಂಗತಿ. ಅವರಿಗೆ ನಾಡು ಋಣಿಯಾಗಿದೆ.

ಆದರೆ ಋಣಿಯಾಗಿದೆಯೆಂದು ಹೇಳಿ ಕೈಮುಗಿದರೆ ಸಾಲದು. ಈ ಉಪಾಧ್ಯಾಯರು ಯಾವ ಸ್ಥಿತಿಯಲ್ಲಿ ಈ ಕಾರ್ಯವನ್ನು ಮಾಡುತ್ತಿದ್ದಾರೆಂಬುದನ್ನು ವಿಚಾರಿಸಬೇಕು. ಸಲಹೆಗಾರರೆಂಬ ಪ್ರತ್ಯೇಕ ಹುದ್ದೆಯು ನಮ್ಮ ಸರಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ರೂಢಿಯಲ್ಲಿಲ್ಲ. ಪಾಠ, ಪರೀಕ್ಷೆ, ಮೌಲ್ಯಮಾಪನ, ಚುನಾವಣೆ, ಗಣತಿಗಳ ನಡುವೆ ಬಿಡುವು ದೊರೆತರೆ ಈ ಕೆಲಸ. ಅನೇಕ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಅವಲಂಬಿಸಿವೆ. ಅವರ ನೇಮಕವು ವರ್ಷದಿಂದ ವರ್ಷಕ್ಕೆ ಆಗತಕ್ಕದ್ದು. ಕಾಲೇಜುಗಳನ್ನು ಆಯ್ಕೆ ಮಾಡುವ ಪಟ್ಟಿಯು ಬರುವ ಬೇಸಗೆ ಮಳೆಗಾಲಗಳ ಸಂಧಿಯಲ್ಲಿ, ವಿದ್ಯಾರ್ಥಿಗೆ ಪಾಠ ಹೇಳಿದ ಉಪನ್ಯಾಸಕರೇ ಕಾಲೇಜಿನಲ್ಲಿ ಇರುತ್ತಾರೆಂಬ ಭರವಸೆಯಿಲ್ಲ. ಇದಕ್ಕೆ ಮೇಲಾಗಿ ನಿಯಮಗಳು ಒಂದೇ ಸಮನೆ ಬದಲಾಗುತ್ತಿವೆ. 2021ರಲ್ಲಿ ಹೊಸ ಶಿಕ್ಷಣ ನೀತಿಯನ್ನನುಸರಿಸಿ ನಾಲ್ಕು ವರ್ಷಗಳ ಪದವಿಯನ್ನು ತಂದ ನಮ್ಮ ರಾಜ್ಯವು 2024ರಲ್ಲಿ ಮೂರು ವರ್ಷಗಳ ಪದವಿಗೇ ಹಿಂದಿರುಗಿತು. ಪದವಿಪೂರ್ವದ ವಾರ್ಷಿಕ ಪರೀಕ್ಷೆಯು 2024ರಿಂದ ಮೂರು ಪರೀಕ್ಷೆಗಳಾಗಿ ನಡೆಯತೊಡಗಿತು. ಅದೇ 2024ರ ಪ್ರವೇಶ ಪರೀಕ್ಷೆಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು, ಅವುಗಳನ್ನು ಬಿಟ್ಟು ಮೌಲ್ಯಮಾಪನ ಮಾಡಬೇಕಾಯಿತು. ಆ ವರ್ಷದ ನೀಟ್ ಪರೀಕ್ಷೆಯ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಇಂತಹ ಸಮಯದಲ್ಲಿ ಗಾಬರಿಗೊಂಡ ತಂದೆತಾಯಿಗಳು ಓಡಿ ಬರುವುದು ಉಪಾಧ್ಯಾಯರ ಬಳಿಗೆ. ಉಪಾಧ್ಯಾಯರಿಗಾದರೋ ಸುದ್ದಿಯು ತಿಳಿಯುವುದು ತಂದೆತಾಯಿಗಳಿಗೆ ತಿಳಿದಂತೆಯೇ ವೃತ್ತಪತ್ರಿಕೆಯಿಂದ.

ಇಲ್ಲಿ ಅಧಿಕಾರಿಗಳ ಕಡೆಯಿಂದ ಒಂದು ಸಮಾಧಾನವನ್ನು ನಾವು ಎದುರುನೋಡಬಹುದು. ನಿಯಮಗಳೆಲ್ಲವೂ ಮಾಹಿತಿ ಪುಸ್ತಕದಲ್ಲಿ ಪ್ರಕಟವಾಗಿವೆ, ಓದಿಕೊಳ್ಳುವುದು ವಿದ್ಯಾರ್ಥಿಗಳ ಕರ್ತವ್ಯ ಎಂಬುದೇ ಆ ಸಮಾಧಾನ. ಪರೀಕ್ಷಾ ಪ್ರಾಧಿಕಾರವು ಮಾಹಿತಿಯನ್ನು ಮುಚ್ಚಿಡುತ್ತದೆಂಬ ಆರೋಪವನ್ನು ನಾವು ಮಾಡುವುದಿಲ್ಲ. ಸಾವಿರಾರು ಸೀಟುಗಳನ್ನು ಕ್ರಮಾಂಕವನ್ನನುಸರಿಸಿ ಬಹಿರಂಗವಾಗಿ ಹಂಚುವ ಏರ್ಪಾಡನ್ನು 1994ರಿಂದ ನಡೆಸಿಕೊಂಡು ಬಂದಿರುವುದು ನಾಡಿಗೆ ಹೆಮ್ಮೆಯ ವಿಷಯವೇ. ಅದಕ್ಕೆ ಮೊದಲು ವಶೀಲಿಗೂ ವಂತಿಗೆಗೂ ಇದ್ದ ಪ್ರಾಬಲ್ಯವನ್ನು ಹಿರಿಯ ವಾಚಕರು ಮರೆತಿರಲಾರರು. ಆದರೆ ಕಾನೂನಿನ ಪುಸ್ತಕಗಳು ಅಂಗಡಿಯಲ್ಲಿ ದೊರೆಯುತ್ತವೆಂಬ ಕಾರಣದಿಂದ ಬಡ ಕಕ್ಷಿಗಾರನಿಗೆ ವಕೀಲರು ಬೇಡವೆಂದು ಯಾವ ನ್ಯಾಯಾಧೀಶರೂ ಹೇಳುವುದಿಲ್ಲ. ಪ್ರಕಟಿಸುವುದು ಬೇರೆ, ತಿಳಿಸುವುದು ಬೇರೆ. ಮೊದಲನೆಯದರಿಂದ ಕಛೇರಿಯ ಹೊಣೆಯು ತೀರಬಹುದು. ಎರಡನೆಯದರಿಂದ ಮಾತ್ರ ಪ್ರಜೆಯ ಹಕ್ಕು ಅವನ ಕೈಸೇರುತ್ತದೆ. ಮತ್ತೊಂದು ಸಮಾಧಾನವನ್ನು ಪಟ್ಟಣದ ಕೆಲವು ಮಹನೀಯರು ಹೇಳುವುದುಂಟು: ನಿಜವಾದ ಯೋಗ್ಯತೆಯುಳ್ಳವನು ಹೇಗಾದರೂ ದಾರಿಯನ್ನು ಕಂಡುಕೊಳ್ಳುತ್ತಾನೆ ಎಂದು. ಹೀಗೆ ಹೇಳುವವರು ತಮ್ಮ ಮಕ್ಕಳ ಅರ್ಜಿಗಳನ್ನು ತಾವೇ ಕುಳಿತು ಮೂರು ಸಲ ತಿದ್ದುವುದನ್ನು ಏಕೆ ಬಿಡಲಿಲ್ಲವೆಂದು ನಾವು ವಿನಯದಿಂದ ಕೇಳಬಯಸುತ್ತೇವೆ.

ನಾವು ಕೇಳುತ್ತಿರುವುದು ಹೊಸದೇನೂ ಅಲ್ಲ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1952–53ರಲ್ಲಿಯೇ, ಶಾಲೆಗಳಲ್ಲಿ ಮಾರ್ಗದರ್ಶನದ ಅಧಿಕಾರಿಗಳೂ ವೃತ್ತಿ ವಿಷಯದಲ್ಲಿ ಸಲಹೆ ಕೊಡುವ ಉಪಾಧ್ಯಾಯರೂ ಇರಬೇಕೆಂದು ಸೂಚಿಸಿತ್ತು. 1964–66ರ ಕೊಠಾರಿ ಆಯೋಗವು ಇನ್ನೂ ವ್ಯಾವಹಾರಿಕವಾದ ಮಾತನ್ನು ಹೇಳಿತು: ಪ್ರತಿ ಶಾಲೆಗೂ ಒಬ್ಬರನ್ನು ನೇಮಿಸಲು ಶಕ್ತಿಯಿಲ್ಲದಿದ್ದರೆ, ಹತ್ತು ಶಾಲೆಗಳ ಗುಂಪಿಗೆ ಒಬ್ಬ ಸಂಚಾರಿ ಸಲಹೆಗಾರರಾದರೂ ಇರಲಿ ಎಂದು. ಅರುವತ್ತು ವರ್ಷಗಳಾಗುತ್ತ ಬಂದರೂ ಆ ಹತ್ತಕ್ಕೊಬ್ಬರು ನಮ್ಮ ಹೋಬಳಿಗಳನ್ನು ತಲಪಲಿಲ್ಲ. ಮೈಸೂರಿನಲ್ಲಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಿದ್ದು, ಅಲ್ಲಿ ಮಾರ್ಗದರ್ಶನ ಮತ್ತು ಆಪ್ತಸಲಹೆಯಲ್ಲಿ ಉಪಾಧ್ಯಾಯರಿಗಾಗಿಯೇ ಡಿಪ್ಲೊಮಾ ಶಿಕ್ಷಣವನ್ನು ನಡೆಸಿಕೊಂಡು ಬಂದಿದ್ದಾರೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ನಮ್ಮದೇ ನೆಲದಲ್ಲಿರುವ ಈ ವಿದ್ಯೆಯನ್ನು ನಮ್ಮ ತಾಲೂಕುಗಳಿಗೆ ತಂದುಕೊಳ್ಳುವ ಯೋಚನೆಯನ್ನು ನಾವು ಸಾಕಷ್ಟು ಮಾಡಿಲ್ಲ.

ನೆರೆಯವರು ಮಾಡಿರುವುದನ್ನೂ ಗಮನಿಸಬೇಕು. ತಮಿಳುನಾಡಿನ ಸರಕಾರವು 2020ರಲ್ಲಿ ಸರಕಾರಿ ಶಾಲೆಗಳಲ್ಲಿ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ ಏಳೂವರೆಯಷ್ಟನ್ನು ಮೀಸಲಿಟ್ಟಿತು. ಅಷ್ಟಕ್ಕೇ ನಿಲ್ಲದೆ, 2022ರಲ್ಲಿ ‘ನಾನ್ ಮುದಲ್ವನ್’ ಎಂಬ ಯೋಜನೆಯನ್ನು ಆರಂಭಿಸಿ, ಉನ್ನತ ಶಿಕ್ಷಣದ ದಾರಿಗಳನ್ನು ಶಾಲೆಯಲ್ಲಿಯೇ ತಿಳಿಸುವ ಕಾರ್ಯವನ್ನು ಸರಕಾರದ ಕಾರ್ಯವಾಗಿ ಕೈಗೊಂಡಿತು. ಪಾಲನ್ನು ಕೊಡುವುದೂ ಆ ಪಾಲಿನವರೆಗೆ ಕೈಹಿಡಿದು ನಡೆಸುವುದೂ ಒಂದೇ ಧರ್ಮದ ಎರಡು ಭಾಗಗಳೆಂದು ಅವರು ಅರಿತುಕೊಂಡರು. ದೂರದ ಇಂಗ್ಲೆಂಡಿನಲ್ಲಿ ವಿಶ್ವವಿದ್ಯಾನಿಲಯಗಳ ಅರ್ಜಿಗಳೆಲ್ಲವೂ 1993ರಿಂದ ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗುತ್ತವೆ. ಅಲ್ಲಿ ಶಾಲೆಯಿಂದ ಅರ್ಜಿ ಹಾಕುವ ವಿದ್ಯಾರ್ಥಿಯ ವಿಷಯದಲ್ಲಿ ಶಾಲೆಯವರು ಬರೆಯುವ ಅಭಿಪ್ರಾಯವೂ ಅರ್ಜಿಯ ಒಂದು ಅಂಗವಾಗಿರುತ್ತದೆ. ಸಲಹೆ ಕೊಡುವ ಉಪಾಧ್ಯಾಯರಿಗೆ ಬೇಕಾದ ಮಾಹಿತಿಯನ್ನೂ ತರಬೇತಿಯನ್ನೂ ಆ ಸಂಸ್ಥೆಯೇ ಒದಗಿಸುತ್ತದೆ. ಅಮೆರಿಕೆಯಲ್ಲಿ 250 ವಿದ್ಯಾರ್ಥಿಗಳಿಗೆ ಒಬ್ಬ ಸಲಹೆಗಾರರಿರಬೇಕೆಂದು ಆ ವೃತ್ತಿಯವರ ಸಂಘವು ವಿಧಿಸಿದೆ. ಧನಿಕ ದೇಶಗಳ ಪದ್ಧತಿಯನ್ನು ಯಥಾವತ್ತಾಗಿ ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ಅರ್ಜಿಯು ವಿದ್ಯಾರ್ಥಿಯೊಬ್ಬನ ಹೊಣೆಯಲ್ಲ, ಅವನ ಶಾಲೆಯ ಹೊಣೆಯೂ ಹೌದು ಎಂಬ ಭಾವನೆಯನ್ನಷ್ಟೇ ಗ್ರಹಿಸಿದರೆ ಸಾಕು.

ಈಗ ಆಗತಕ್ಕದ್ದೇನು? ಮೊದಲನೆಯದಾಗಿ, ಪ್ರತಿಯೊಂದು ಪದವಿಪೂರ್ವ ಕಾಲೇಜಿನಲ್ಲಿಯೂ ಒಬ್ಬ ಕಾಯಂ ಉಪನ್ಯಾಸಕರನ್ನು ಪ್ರವೇಶ ಸಲಹೆಗಾರರೆಂದು ಹೆಸರಿಟ್ಟು ನಿಯಮಿಸಬೇಕು. ಅವರ ಪಾಠದ ಅವಧಿಗಳನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಬೇಕು. ಇರುವ ಹೊರೆಯ ಮೇಲೆ ಇನ್ನೊಂದು ಹೊರೆಯನ್ನು ಹೇರಿ ಸುತ್ತೋಲೆಯನ್ನು ಕಳುಹಿಸಿದರೆ, ಆ ಸುತ್ತೋಲೆಯು ಕಡತವನ್ನು ಸೇರುವುದೇ ಹೊರತು ವಿದ್ಯಾರ್ಥಿಯನ್ನು ಸೇರದು. ಕಾಯಂ ಉಪನ್ಯಾಸಕರಿಲ್ಲದ ಕಡೆ, ಕೊಠಾರಿಯವರು ಹೇಳಿದಂತೆ, ಹತ್ತು ಸಂಸ್ಥೆಗಳಿಗೆ ಒಬ್ಬ ಸಂಚಾರಿ ಸಲಹೆಗಾರರು ಇರಲಿ. ಎರಡನೆಯದಾಗಿ, ಇತ್ತೀಚಿನ ವರ್ಷಗಳಲ್ಲಿ ಪ್ರವೇಶ ಪರೀಕ್ಷೆಯ ಅರ್ಜಿಗಳನ್ನು ಜನವರಿ ಫೆಬ್ರವರಿಗಳ ಸುಮಾರಿಗೆ ಕರೆಯುತ್ತಿರುವುದರಿಂದ, ಅದಕ್ಕೆ ಮೊದಲೇ, ನವೆಂಬರಿನೊಳಗೆ, ಈ ಸಲಹೆಗಾರರಿಗೆ ಪ್ರಾಧಿಕಾರದವರೇ ಜಿಲ್ಲಾ ಕೇಂದ್ರದಲ್ಲಿ ಶಿಕ್ಷಣ ಕೊಡಬೇಕು. ಆ ವರ್ಷದಲ್ಲಿ ಬದಲಾದ ನಿಯಮಗಳ ಪಟ್ಟಿಯು ಕನ್ನಡದಲ್ಲಿ, ನಾಲ್ಕು ಪುಟಗಳಿಗೆ ಮೀರದಂತೆ, ಅವರ ಕೈಗೆ ಬರಬೇಕು. ಸಂದೇಹ ಬಂದಾಗ ಕೇಳುವುದಕ್ಕೆ ಸಲಹೆಗಾರರಿಗಾಗಿಯೇ ಬೇರೊಂದು ದೂರವಾಣಿ ಇರಬೇಕು. ಒಬ್ಬ ಸಲಹೆಗಾರರ ಸಂದೇಹವನ್ನು ಪರಿಹರಿಸಿದರೆ ನೂರು ವಿದ್ಯಾರ್ಥಿಗಳ ಸಂದೇಹವನ್ನು ಪರಿಹರಿಸಿದಂತಾಯಿತು.

ಮೂರನೆಯದಾಗಿ, ಪ್ರಮಾಣಪತ್ರಗಳ ಕೆಲಸವನ್ನು ಜೂನ್ ತಿಂಗಳ ನೂಕುನುಗ್ಗಲಿಗೆ ಬಿಡದೆ, ಪ್ರಥಮ ಪದವಿಪೂರ್ವ ತರಗತಿಯಲ್ಲಿಯೇ ಮುಗಿಸುವ ಏರ್ಪಾಡಾಗಬೇಕು. ಜಾತಿ ಮತ್ತು ವರಮಾನದ ಪತ್ರಗಳಿಗೆ ನಾಡಕಛೇರಿ, ವ್ಯಾಸಂಗದ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿ, ಖಾತೆಯ ಜೋಡಣೆಗೆ ಬ್ಯಾಂಕು, ಹೀಗೆ ಮೂರು ಕಡೆ ಮೂರು ದಿನ ಅಲೆಯುವ ಬದಲು, ಈ ಮೂವರೂ ವರ್ಷಕ್ಕೊಂದು ದಿನ ಕಾಲೇಜಿಗೇ ಬಂದು ಕುಳಿತರೆ ಆಗದ ಕೆಲಸವೆ? ತ್ಯಾವಣಿಗೆಯ ವಿದ್ಯಾರ್ಥಿಯು ಚನ್ನಗಿರಿಗೆ ಹೋಗಿ ಬರುವ ಒಂದು ದಿನವೆಂದರೆ ಅವನಿಗೆ ಒಂದು ದಿನದ ಪಾಠವೂ ಅವನ ತಂದೆಗೆ ಒಂದು ದಿನದ ಕೂಲಿಯೂ ನಷ್ಟ. ಜಗಳೂರಿನಂತಹ ಮಳೆ ಕಡಿಮೆಯ ಸೀಮೆಯಲ್ಲಿ, ಹೊಸದಾಗಿ ತಾಲೂಕಾಗಿರುವ ನ್ಯಾಮತಿಯಲ್ಲಿ, ಈ ನಷ್ಟವು ಹಗುರವಾದದ್ದಲ್ಲ. ಇಂತಹ ಶಿಬಿರವನ್ನು ನಡೆಸುವುದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಧನವಿನಿಯೋಗವೂ ಬೇಡ. ತಹಶೀಲ್ದಾರರ ಒಂದು ಆಜ್ಞೆ ಸಾಕು. ಈ ಲೇಖನವನ್ನು ಓದುವ ಅಧಿಕಾರಿಗಳು ಇದನ್ನು ಈ ವರ್ಷವೇ ಆರಂಭಿಸಬಹುದೆಂದು ನಾವು ಸೂಚಿಸುತ್ತೇವೆ.

ನಾಲ್ಕನೆಯದಾಗಿ, ವಿಶ್ವವಿದ್ಯಾನಿಲಯಗಳಿಗೂ ಒಂದು ಕರ್ತವ್ಯವಿದೆ. ದಾವಣಗೆರೆ ವಿಶ್ವವಿದ್ಯಾನಿಲಯವು ತನ್ನ ವ್ಯಾಪ್ತಿಯ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿಪೂರ್ವ ಉಪನ್ಯಾಸಕರನ್ನು ವರ್ಷಕ್ಕೊಂದು ಬಾರಿ ಕರೆದು, ತನ್ನಲ್ಲಿ ಯಾವ ವಿಷಯಗಳಿವೆ, ಯಾವುದನ್ನು ಓದಿದರೆ ಮುಂದೆ ಯಾವ ದಾರಿ ತೆರೆಯುತ್ತದೆ, ವಿದ್ಯಾರ್ಥಿನಿಲಯದ ಅನುಕೂಲವೇನು ಎಂಬುದನ್ನು ತಿಳಿಸುವುದು ಕಷ್ಟವಲ್ಲ. ಎಲ್ಲರೂ ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಹೋಗತಕ್ಕವರಲ್ಲ. ಕಲೆ, ವಾಣಿಜ್ಯ, ವಿಜ್ಞಾನಗಳ ಸಾಮಾನ್ಯ ಪದವಿಗೆ ಬರುವವರೇ ಬಹು ಮಂದಿ. ಸಲಹೆಯೆಂಬುದು ಅವರಿಗೇ ಎಲ್ಲರಿಗಿಂತ ಕಡಿಮೆ ದೊರೆಯುತ್ತಿದೆ. ನಮ್ಮ ದೇಶದಲ್ಲಿ ಉನ್ನತ ಶಿಕ್ಷಣವನ್ನು ಸೇರುವವರ ಪ್ರಮಾಣವು 2021–22ರ ಸರಕಾರಿ ಸಮೀಕ್ಷೆಯಂತೆ ಆ ವಯಸ್ಸಿನವರಲ್ಲಿ ನೂರಕ್ಕೆ 28.4. ಇದನ್ನು 2035ರೊಳಗೆ 50ಕ್ಕೆ ಏರಿಸುವುದು 2020ರ ರಾಷ್ಟ್ರೀಯ ನೀತಿಯ ಗುರಿ. ಕಟ್ಟಡಗಳನ್ನು ಕಟ್ಟಿದ ಮಾತ್ರಕ್ಕೆ ಈ ಅಂತರವು ತುಂಬಲಾರದು. ಹೊಸದಾಗಿ ಬರಬೇಕಾದವರು ಬಹುಪಾಲು ಹಳ್ಳಿಯವರು, ಅವರ ಮನೆಯಲ್ಲಿ ಮೊದಲಿಗರು, ಹೆಣ್ಣುಮಕ್ಕಳು. ಅವರನ್ನು ಕರೆತರುವ ಶಕ್ತಿಯಿರುವುದು ಅವರು ನಂಬಿದ ಉಪಾಧ್ಯಾಯರಿಗೇ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಪರೀಕ್ಷೆಗಳಲ್ಲಿ ಅವರು ಹುಡುಗರನ್ನು ಮೀರಿಸುತ್ತಿರುವುದನ್ನು ವರ್ಷ ವರ್ಷವೂ ಫಲಿತಾಂಶದಲ್ಲಿ ನೋಡುತ್ತೇವೆ. ಆದರೆ ಕಾಲೇಜನ್ನು ಆರಿಸುವಾಗ, ಸಂಜೆಯ ಬಸ್ಸಿಗೆ ಮನೆಗೆ ಬರುವಂತಿರಬೇಕೆಂಬ ಒಂದೇ ನಿಯಮವು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ವಿದ್ಯಾರ್ಥಿನಿಯರ ನಿಲಯವು ಎಲ್ಲಿದೆ, ಅದರ ವ್ಯವಸ್ಥೆಯು ಹೇಗಿದೆ, ಊರಿನ ಬೇರೆ ಯಾವ ಹುಡುಗಿಯು ಅಲ್ಲಿ ಓದುತ್ತಿದ್ದಾಳೆ ಎಂಬಷ್ಟನ್ನು ಒಬ್ಬ ಉಪಾಧ್ಯಾಯಿನಿಯು ಮನೆಗೆ ಬಂದು ತಾಯಿಗೆ ಹೇಳಿದರೆ, ಯಾವ ಜಾಲತಾಣವೂ ಮಾಡಲಾರದ ಕೆಲಸವು ಅರ್ಧ ಗಂಟೆಯಲ್ಲಿ ಆಗುತ್ತದೆ. ಸಲಹೆಯೆಂದರೆ ಅರ್ಜಿಯನ್ನು ತುಂಬುವುದು ಮಾತ್ರವೆಂದು ತಿಳಿಯಬಾರದು. ತಂದೆತಾಯಿಗಳ ಭಯವನ್ನು ತಿಳಿದು ಅದಕ್ಕೆ ಉತ್ತರ ಕೊಡುವುದೇ ಅದರ ಮುಖ್ಯ ಭಾಗ.

ಕೊನೆಯದಾಗಿ, ಪಟ್ಟಣಿಗರಾದ ನಮ್ಮ ವಾಚಕರಲ್ಲಿ ಒಂದು ವಿಜ್ಞಾಪನೆ. ಚನ್ನಗಿರಿಯ ಅಡಕೆ ಬೆಳೆಗಾರರ ಸಹಕಾರ ಸಂಘದಂತಹ ಬಲವಾದ ಸಂಸ್ಥೆಗಳನ್ನು ಈ ಸೀಮೆಯ ರೈತರು ತಾವೇ ಕಟ್ಟಿಕೊಂಡಿದ್ದಾರೆ. ಬೆಳೆಯ ಧಾರಣೆಯನ್ನು ತಿಳಿಯುವುದಕ್ಕೆ ಒಟ್ಟುಗೂಡುವವರು ಮಕ್ಕಳ ವಿದ್ಯೆಯ ದಾರಿಯನ್ನು ತಿಳಿಯುವುದಕ್ಕೂ ಒಟ್ಟುಗೂಡಬಹುದು. ತ್ಯಾವಣಿಗೆಯಂತಹ ಊರುಗಳಿಂದ ಹೋಗಿ ಎಂಜಿನಿಯರರೂ ವೈದ್ಯರೂ ಅಧಿಕಾರಿಗಳೂ ಆಗಿ ಬೆಂಗಳೂರಿನಲ್ಲಿಯೂ ಹೊರನಾಡುಗಳಲ್ಲಿಯೂ ನೆಲಸಿರುವವರು ಊರಿನ ಜಾತ್ರೆಗೂ ಗುಡಿಯ ಜೀರ್ಣೋದ್ಧಾರಕ್ಕೂ ಉದಾರವಾಗಿ ಹಣವನ್ನು ಕಳುಹಿಸುತ್ತಾರೆ. ಹಣದ ಜೊತೆಗೆ ವರ್ಷಕ್ಕೆ ಎರಡು ದಿನಗಳನ್ನೂ ಅವರು ಕೊಡಲಿ. ತಮ್ಮ ಹಳೆಯ ಶಾಲೆಯ ಉಪಾಧ್ಯಾಯರ ಪಕ್ಕದಲ್ಲಿ ಕುಳಿತು, ಹತ್ತು ಹುಡುಗರ ಆಯ್ಕೆಯ ಪಟ್ಟಿಯನ್ನು ನೋಡಿಕೊಡಲಿ. ಉಪಾಧ್ಯಾಯರ ಸ್ಥಾನವನ್ನು ಅವರು ಆಕ್ರಮಿಸಬೇಕಾಗಿಲ್ಲ, ಉಪಾಧ್ಯಾಯರಿಗೆ ಬಲವಾಗಿ ನಿಂತರೆ ಸಾಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕಿದರೆಂಬ ಮಾತು ನಮ್ಮಲ್ಲಿದೆ. ಸೀಟುಗಳ ಕಡೆಯ ಸುತ್ತು ಮುಗಿದ ಮೇಲೆ, ಹಳ್ಳಿಯ ಮಕ್ಕಳು ಹಿಂದುಳಿದರೆಂದು ಮರುಗುವುದರಲ್ಲಿ ಅರ್ಥವಿಲ್ಲ. ಒಂದು ಶತಮಾನದ ಹಿಂದೆ ಕನ್ನಡಿಗರು ತಮಗೊಂದು ವಿಶ್ವವಿದ್ಯಾನಿಲಯವು ಬೇಕೆಂದು ಹಂಬಲಿಸಿ ಪಡೆದರು. ಆಮೇಲಿನವರು ಅದನ್ನು ತಮ್ಮ ಜಿಲ್ಲೆಗೇ ತಂದುಕೊಂಡರು. ಅದರ ಹೊಸ್ತಿಲಿನವರೆಗೆ ಬಂದು ನಿಂತ ಮಗುವಿಗೆ ಬಾಗಿಲು ಯಾವುದೆಂದು ತೋರಿಸುವ ಅಲ್ಪ ಕಾರ್ಯವು ನಮ್ಮ ಪಾಲಿಗೆ ಉಳಿದಿದೆ. ಅದಕ್ಕೆ ಬೇಕಾದುದು ಪ್ರತಿ ಕಾಲೇಜಿಗೊಬ್ಬ ಹೊಣೆಗಾರರಾದ ಉಪಾಧ್ಯಾಯರು, ಅವರಿಗಿಷ್ಟು ಬಿಡುವು, ಇಷ್ಟು ಶಿಕ್ಷಣ, ಮತ್ತು ಅವರ ಪ್ರಶ್ನೆಗೆ ಉತ್ತರ ಕೊಡುವ ಒಂದು ಕಛೇರಿ. ವಿದ್ಯಾ ಇಲಾಖೆಯವರು ಮುಂದಿನ ಅರ್ಜಿಗಳ ಕಾಲವು ಬರುವುದರೊಳಗಾಗಿ ಇಷ್ಟನ್ನು ಏರ್ಪಡಿಸುವರೆಂದು ನಾವು ಆಶಿಸುತ್ತೇವೆ.